ಇಕ್ಕಟ್ಟಾದ ಶೆಡ್ಡಿನಲ್ಲಿ ಭಾರದ ಬೈಕ್ ತಿರುಗಿಸೋಕೆ ಡಾಲಿ: ಯಾವುದು ತಗೋಬೇಕು, ಎಲ್ಲಿ ಹುಷಾರಾಗಿರಬೇಕು?

ನೀಲಿಟ್ಯಾಂಕ್

ಎಲ್ಲರಿಗೂ ನಮಸ್ಕಾರ. ನನ್ನ ಕ್ರೂಸರ್ ಬೈಕಿನ ತೂಕ 241 ಕೆಜಿ, ಉದ್ದ 2.26 ಮೀಟರ್. ಸೈಡ್ ಸ್ಟ್ಯಾಂಡ್ ಮಾತ್ರ ಇದೆ, ಡಬಲ್ ಸ್ಟ್ಯಾಂಡ್ ಇಲ್ಲ. ನಿಲ್ಲಿಸೋ ಶೆಡ್ಡಿನಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ಸಾಮಾನಿನ ರ್‍ಯಾಕು. ಮಧ್ಯೆ ಉಳಿಯೋ ಜಾಗ 2.4 ಮೀಟರ್. ಒಳಗೆ ಮುಂದಾಗಿ ಓಡಿಸಿಕೊಂಡು ಹೋಗೋದು ಸುಲಭ. ಬೆಳಿಗ್ಗೆ ಹಿಂದಕ್ಕೆ ಎಳೆದು ಹೊಸ್ತಿಲು ಹತ್ತಿಸಿ ಹೊರಗೆ ತರೋದರಲ್ಲೇ ಜೀವ ಹೋಗುತ್ತೆ. ಹೋದ ತಿಂಗಳು ಹೀಗೆ ಎಳೆಯುವಾಗ ಸೊಂಟ ಹಿಡಿದುಕೊಂಡು ಹತ್ತು ದಿನ ಮಲಗಿದ್ದೆ.

ಒಳಗೇ ಬೈಕನ್ನು ಪೂರ್ತಿ ತಿರುಗಿಸಿಬಿಟ್ಟರೆ ಮುಂದಾಗಿ ಹೊರಗೆ ಬರಬಹುದು. ಅದಕ್ಕೆ ಡಾಲಿ, ಅಂದರೆ ಬೈಕನ್ನು ಹೊತ್ತು ಎತ್ತ ಬೇಕಾದರೂ ಸರಿಯೋ ಗಾಲಿ ಹಲಗೆ, ಹಾಕೋಣ ಅಂತಿದ್ದೀನಿ. ನಿಜವಾಗಿ ದಿನಾ ಬಳಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸೈಡ್ ಸ್ಟ್ಯಾಂಡಿನ ಕೆಳಗೆ ಇಡೋ ಚಿಕ್ಕದು ಸಾಕಾ, ಬೈಕ್ ಪೂರ್ತಿ ಹತ್ತಿಸೋ ಉದ್ದದ್ದೇ ಬೇಕಾ?

ಹಳೇಸ್ಪ್ಯಾನರ್

ಡಾಲಿ ವಿಷಯಕ್ಕೆ ಆಮೇಲೆ ಬರೋಣ ತಮ್ಮ. ಮೊದಲು ಎರಡು ಕೆಲಸ ಮಾಡು. ಟೈರಿನ ಗಾಳಿ ನೋಡು. ಕಂಪನಿ ಹೇಳಿದ್ದಕ್ಕಿಂತ ಗಾಳಿ ಇಳಿದಿದ್ದರೆ ಬೈಕ್ ಅಂಟಿಕೊಂಡ ಹಾಗೆ ತಳ್ಳಬೇಕಾಗುತ್ತೆ. ಆಮೇಲೆ ಹಿಂದಿನ ಚಕ್ರ ಎತ್ತಿ ನ್ಯೂಟ್ರಲ್‌ನಲ್ಲಿ ಕೈಯಿಂದ ತಿರುಗಿಸು. ಬ್ರೇಕ್ ಪ್ಯಾಡ್ ಉಜ್ಜಿಕೊಂಡು ನಿಂತಿದ್ದರೆ ಅಲ್ಲೇ ಗೊತ್ತಾಗುತ್ತೆ. ಮುಂದಿನದ್ದಕ್ಕೂ ಅದೇ ಪರೀಕ್ಷೆ. ಬೈಕು ಭಾರ ಅಂತ ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನರದ್ದು ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಒತ್ತೋ ಭಾಗ) ಹಿಡಿದಿದ್ದ ಕೇಸು. ಆ ಹಿಡಿತ ಬಿಡಿಸಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತೆ.

ಇನ್ನು ಡಾಲಿ. ಮುಖ್ಯವಾಗಿ ನಾಲ್ಕು ಥರ. ಸೈಡ್ ಸ್ಟ್ಯಾಂಡಿನ ಪಾದದ ಕೆಳಗೆ ಇಡೋ ಅಂಗೈಯಗಲದ ಗಾಲಿ ತಟ್ಟೆ. ಹಿಂದಿನ ಚಕ್ರ ಮಾತ್ರ ಕೂರೋ ತೊಟ್ಟಿಲು. ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸೋ ಪ್ಲೇಟು. ಕೊನೆಯದು ಎರಡೂ ಚಕ್ರ ಮತ್ತು ಸೈಡ್ ಸ್ಟ್ಯಾಂಡ್ ಮೂರನ್ನೂ ಹೊರೋ ಉದ್ದನೆ ತೊಟ್ಟಿ. ನಿನಗೆ ಡಬಲ್ ಸ್ಟ್ಯಾಂಡ್ ಇಲ್ಲ ಅಂದಮೇಲೆ ಮೂರನೆಯದು ಬಿಟ್ಟುಬಿಡು.

ನನಗೆ ಬೇಕಾಗಿರೋದು ನಿನ್ನ ನೆಲದ ವಿವರ. ಎಂಥಾ ನೆಲ, ಎಷ್ಟು ಇಳಿಜಾರು, ಬಿರುಕು ಸಂದು ಇದೆಯಾ? ಅದನ್ನ ಹೇಳದೆ ಡಾಲಿ ಕೇಳೋದು ರಸ್ತೆ ನೋಡದೆ ಟೈರು ಕೊಂಡ ಹಾಗೆ.

ಮೂರನೇಗೇರ್

ನಾನು ಸೈಡ್ ಸ್ಟ್ಯಾಂಡ್ ಕೆಳಗಿನ ಚಿಕ್ಕ ತಟ್ಟೆಯನ್ನೇ ಎರಡು ವರ್ಷದಿಂದ ಬಳಸ್ತಿದ್ದೀನಿ, ಯಾವ ತೊಂದರೆಯೂ ಇಲ್ಲ. ಸ್ಟ್ಯಾಂಡ್ ಅದರ ಮೇಲಿಟ್ಟು ಬೈಕನ್ನು ನನ್ನ ಕಡೆಗೆ ವಾಲಿಸಿದರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಮುಂದಿನ ಚಕ್ರದ ಮೇಲೆ ಹಾಗೇ ಸುತ್ತಿಸಿಬಿಡ್ತೀನಿ. ಅರ್ಧ ನಿಮಿಷದ ಕೆಲಸ. ನನ್ನದು 180 ಕೆಜಿ ಬೈಕು.

ಹಳೇಸ್ಪ್ಯಾನರ್

180ಕ್ಕೆ ಸರಿ, 241ಕ್ಕೆ ನಾನು ಒಪ್ಪಲ್ಲ. ಸೈಡ್ ಸ್ಟ್ಯಾಂಡ್ ಇರೋದು ನಿಂತ ಬೈಕಿನ ಭಾರದಲ್ಲಿ ಒಂದು ಪಾಲು ಹೊರೋಕೆ. ಉಳಿದದ್ದು ಎರಡು ಟೈರಿನ ಮೇಲೇ ಇರುತ್ತೆ. ಬೈಕನ್ನು ಅದರ ಮೇಲೆ ವಾಲಿಸಿ ಚಕ್ರ ಎತ್ತಿದ ತಕ್ಷಣ ಆ ಒಂದು ಕಾಲಿನ ಮೇಲೆ, ಅದರ ಒಂದು ಬೋಲ್ಟಿನ ಮೇಲೆ, ಅದು ಬೆಸೆದುಕೊಂಡಿರೋ ಫ್ರೇಮಿನ ಕಿವಿಯ ಮೇಲೆ ಭಾರ ಬೀಳುತ್ತೆ. ಅದೂ ನೇರವಾಗಿ ಅಲ್ಲ, ತಿರುಚೋ ಥರ. ಆ ಕಿವಿ ಬಿರುಕು ಬಿಟ್ಟ ಬೈಕು ನಾನು ಕಣ್ಣಾರೆ ನೋಡಿದ್ದೀನಿ. ಬಣ್ಣದ ಕೆಳಗೆ ಕೂದಲೆಳೆಯಷ್ಟು ಗೆರೆ, ಒಂದು ದಿನ ಕಳಚಿ ಬಿತ್ತು.

ಮುಂದಿನ ಚಕ್ರ ನೆಲದಲ್ಲೇ ಇಟ್ಟು, ಹಿಂದಿನ ಚಕ್ರ ತೊಟ್ಟಿಲಲ್ಲಿ, ಸ್ಟ್ಯಾಂಡು ಚಿಕ್ಕ ತಟ್ಟೆಯ ಮೇಲೆ, ಹೀಗೆ ಎರಡನ್ನೂ ಜೊತೆಗೆ ಬಳಸೋದಾದರೆ ಬೇರೆ ಮಾತು. ಆದರೆ ತೊಟ್ಟಿಲು ಎತ್ತರಿಸಿದಷ್ಟೂ ಸ್ಟ್ಯಾಂಡಿಗೆ ನೆಲ ದೂರ ಆಗುತ್ತೆ. ಆ ಎತ್ತರ ಸರಿದೂಗಿಸಿಕೊಳ್ಳಬೇಕು.

ತೂಕದಲೆಕ್ಕ

ಸ್ಪ್ಯಾನರ್ ಅಣ್ಣ ಹೇಳಿದ ಎತ್ತರದ ಮಾತನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ಇಲ್ಲೇ ಬಹಳ ಜನ ತಪ್ತಾರೆ. ಸ್ಟ್ಯಾಂಡಿನ ಪಾದ ಟೈರಿನ ಗೆರೆಯಿಂದ ಸುಮಾರು 25 ಸೆಂ.ಮೀ. ಆಚೆ ಇರುತ್ತೆ ಅಂತ ಹಿಡಿಯಿರಿ. ಪಾದದ ಕೆಳಗೆ 1 ಸೆಂ.ಮೀ. ದಪ್ಪದ್ದು ಏನಾದರೂ ಸೇರಿಸಿದರೆ ಬೈಕಿನ ವಾಲಿಕೆ 2 ಡಿಗ್ರಿಗಿಂತ ಸ್ವಲ್ಪ ಹೆಚ್ಚೇ ಕಡಿಮೆಯಾಗುತ್ತೆ. ಎರಡೂವರೆ ಸೆಂ.ಮೀ. ಎತ್ತರದ ಗಾಲಿ ತಟ್ಟೆ ಇಟ್ಟರೆ 5-6 ಡಿಗ್ರಿ ಹೋಯ್ತು. 10 ಡಿಗ್ರಿ ವಾಲಿ ನಿಂತಿದ್ದ ಬೈಕು ಈಗ 4-5 ಡಿಗ್ರಿಗೆ ಬಂತು, ಅಂದರೆ ಹೆಚ್ಚುಕಡಿಮೆ ನೆಟ್ಟಗೆ. ಬಲಗಡೆಯಿಂದ ಯಾರಾದರೂ ಹ್ಯಾಂಡಲ್ ಹಿಡಿದು ಸುಮ್ಮನೆ ಎಳೆದರೂ ಆಚೆ ಮಗುಚುತ್ತೆ.

ಉಲ್ಟಾ ತಪ್ಪೂ ಇದೆ. ಚಕ್ರಗಳು ಡಾಲಿಯ ಮೇಲೆ, ಸ್ಟ್ಯಾಂಡು ನೆಲದ ಮೇಲೆ ಅಂತಾದರೆ ಬೈಕು ವಿಪರೀತ ವಾಲುತ್ತೆ, ಡಾಲಿ ಸರಿದರೆ ಸ್ಟ್ಯಾಂಡ್ ಎಳೆದುಕೊಂಡು ಹೋಗುತ್ತೆ. ಟೈರು ಯಾವ ಮಟ್ಟದಲ್ಲಿದೆಯೋ ಸ್ಟ್ಯಾಂಡಿನ ಪಾದವೂ ಅದೇ ಮಟ್ಟದಲ್ಲಿ, ಅದೇ ಚೌಕಟ್ಟಿನ ಮೇಲೆ ಕೂರಬೇಕು. ಉದ್ದನೆ ತೊಟ್ಟಿ ಡಾಲಿ ಒಳ್ಳೆಯದು ಅನ್ನೋದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಬೆಟ್ಟದಹಾದಿ

ನಾನು ಬಿಎಂಡಬ್ಲ್ಯು ಆರ್ 1250 ಜಿಎಸ್ ಓಡಿಸ್ತೀನಿ. ಟ್ಯಾಂಕ್ ತುಂಬಿದಾಗ 249 ಕೆಜಿ. ನಾನು 5 ಅಡಿ 3 ಇಂಚು. ಡಬಲ್ ಸ್ಟ್ಯಾಂಡ್ ಪ್ಲೇಟಿನ ಡಾಲಿ ಮೂರು ವರ್ಷದಿಂದ ಬಳಸ್ತಿದ್ದೀನಿ. ನೀಲಿಟ್ಯಾಂಕ್ ಅವರಿಗೆ ಇದು ಹೊಂದದಿದ್ದರೂ ಓದೋ ಬೇರೆಯವರಿಗೆ ಬೇಕಾಗಬಹುದು ಅಂತ ಬರೀತಿದ್ದೀನಿ.

ಮೊದಮೊದಲು ನನಗೆ ಸ್ಟ್ಯಾಂಡೇ ಹಾಕೋಕಾಗ್ತಿರಲಿಲ್ಲ. ಪ್ಲೇಟು ನೆಲದಿಂದ 3 ಸೆಂ.ಮೀ. ಮೇಲಿದೆ, ಹಿಂದಿನ ಚಕ್ರ ನೆಲದಲ್ಲಿದೆ. ಹಾಗಾದರೆ ಸ್ಟ್ಯಾಂಡಿನ ಕಾಲು ಇಳಿಯೋಕೆ ಜಾಗವೇ ಇಲ್ಲ, ಬೈಕನ್ನು ಅಷ್ಟೂ ಹೆಚ್ಚುವರಿ ಎತ್ತಬೇಕು. ಇದು ಶಕ್ತಿಯ ಪ್ರಶ್ನೆ ಅಂದುಕೊಂಡು ಎಷ್ಟು ದಿನ ಒದ್ದಾಡಿದೆ! ಕೊನೆಗೆ ಅಷ್ಟೇ ದಪ್ಪದ ಹಲಗೆ ಒಂದನ್ನು ಹಿಂದಿನ ಚಕ್ರದ ಕೆಳಗೆ ಇಟ್ಟೆ. ಬೈಕನ್ನು ಅದರ ಮೇಲೆ ಹತ್ತಿಸಿ, ಸ್ಟ್ಯಾಂಡಿನ ಎರಡು ಕಾಲೂ ಪ್ಲೇಟಿಗೆ ತಾಗಿದ್ದು ನನ್ನ ಕಾಲಿಗೆ ಗೊತ್ತಾದ ಮೇಲೆ, ಸ್ಟ್ಯಾಂಡಿನ ಕೊಕ್ಕೆಯ ಮೇಲೆ ಮೈಭಾರ ಪೂರ್ತಿ ಹಾಕಿ ನಿಂತುಬಿಡ್ತೀನಿ. ಕೈ ಬೈಕನ್ನು ಎತ್ತೋದಿಲ್ಲ, ನೆಟ್ಟಗೆ ಹಿಡಿದುಕೊಳ್ಳುತ್ತೆ ಅಷ್ಟೇ. ಆಮೇಲೆ ಹಲಗೆ ತೆಗೆದರೆ ಹಿಂದಿನ ಚಕ್ರ ಗಾಳಿಯಲ್ಲಿ.

ಇನ್ನೊಂದು ಮಾತು. ಡಬಲ್ ಸ್ಟ್ಯಾಂಡಿನಲ್ಲಿ ನಿಂತ ಬೈಕು ಎರಡು ಕಾಲು ಮತ್ತು ಒಂದು ಚಕ್ರದ ಮೇಲೆ ನಿಂತಿರುತ್ತೆ. ಆ ಚಕ್ರವೂ ಡಾಲಿ ಮೇಲೇ ಇರಬೇಕು. ಪ್ಲೇಟು ಚಿಕ್ಕದಾಗಿ ಮುಂದಿನ ಚಕ್ರ ನೆಲದಲ್ಲಿ ಉಳಿದರೆ ಅದು ತಾನು ಮುಖ ಮಾಡಿದ ಕಡೆಗಷ್ಟೇ ಉರುಳುತ್ತೆ, ಅಡ್ಡ ತಳ್ಳಿದರೆ ಉಜ್ಜುತ್ತೆ. ನಾನು ಬದಿಯ ಬಾಕ್ಸುಗಳನ್ನೂ ಕಳಚಿಟ್ಟೇ ತಿರುಗಿಸೋದು. ಒಂದು ಬಾಕ್ಸಿನಲ್ಲಿ ಸಾಮಾನಿದ್ದು ಇನ್ನೊಂದು ಖಾಲಿ ಇದ್ದರೆ ಬೈಕ್ ಒಂದೇ ಕಡೆ ಜಗ್ಗುತ್ತೆ.

ಒದ್ದೆರಸ್ತೆ

ನೀಲಿಟ್ಯಾಂಕ್ ಅವರೇ, ಡಾಲಿ ತಗೊಳ್ಳೋ ಮೊದಲು ನನಗಾದದ್ದನ್ನು ಓದಿ.

ನನ್ನದು ಉದ್ದನೆ ತೊಟ್ಟಿ ಡಾಲಿ, ರೆಡಿಮೇಡ್ ತಂದದ್ದು. 50 ಮಿ.ಮೀ. ನೈಲಾನ್ ಗಾಲಿ. ಬೈಕು 230 ಕೆಜಿ. ಆರು ತಿಂಗಳು ಬೆರಳಲ್ಲಿ ತಳ್ಳೋ ಹಾಗಿತ್ತು. ಹಾಗಿದ್ದದ್ದೇ ತಪ್ಪಾಯ್ತು, ಸಲಿಗೆ ಬೆಳೀತು. ಒಂದು ಸಂಜೆ ಬೈಕಿನ ಬಲಗಡೆ ನಿಂತು, ಬೆನ್ನಿಗೆ ಗೋಡೆ, ಡಾಲಿಯನ್ನು ನನ್ನ ಕಡೆಗೆ ಎಳ್ಕೊಳ್ತಿದ್ದೆ. ನೆಲದ ಮೇಲೆ ಒಂದು ವಾಷರ್ ಬಿದ್ದಿತ್ತು. ಎಂಟಾಣೆಯಷ್ಟು ಅಗಲ ಇರಬಹುದು, ನಾನೇ ಹಿಂದಿನ ದಿನ ಚೈನ್ ಬಿಗಿ ಮಾಡುವಾಗ ಬೀಳಿಸಿದ್ದು. ಮುಂದಿನ ಗಾಲಿ ಅದಕ್ಕೆ ಸಿಕ್ಕಿ ಟಕ್ ಅಂತ ನಿಂತಿತು. ಡಾಲಿ ನಿಂತಿತು, ಬೈಕು ನಿಲ್ಲಲಿಲ್ಲ. ಮೆಲ್ಲಗೆ ನೆಟ್ಟಗಾಯ್ತು, ಒಂದು ಕ್ಷಣ ಹಾಗೇ ನಿಂತ ಹಾಗೆ ಅನ್ನಿಸ್ತು, ಆಮೇಲೆ ನನ್ನ ಮೇಲೆ ಬಂತು. ತಡೆಯೋಕೆ ಕೈ ಚಾಚಿದೆ. ಹ್ಯಾಂಡಲಿನ ತುದಿಗೂ ಗೋಡೆಗೂ ಮಧ್ಯೆ ಕಿರುಬೆರಳು ಸಿಕ್ಕಿ ಮುರೀತು. ಮೊಣಕಾಲು ಟ್ಯಾಂಕಿನ ಕೆಳಗೆ. ಫೋನು ಎದುರಿನ ಶೆಲ್ಫಿನ ಮೇಲೆ ಕಾಣ್ತಿತ್ತು, ಕೈಗೆ ಸಿಗ್ತಿರಲಿಲ್ಲ. ಇಪ್ಪತ್ತು ನಿಮಿಷ ಕೂಗಿದ ಮೇಲೆ ಯಾರೋ ಬಂದು ಎತ್ತಿದರು.

ಈಗ ನನ್ನದು ಮೂರೇ ನಿಯಮ. ಡಾಲಿ ಮುಟ್ಟೋ ಮೊದಲು ನೆಲ ಗುಡಿಸಬೇಕು. ಬೈಕಿಗೂ ಗೋಡೆಗೂ ಮಧ್ಯೆ ಎಂದೂ ನಿಲ್ಲಬಾರದು. ಫೋನು ಜೇಬಿನಲ್ಲಿರಬೇಕು.

ತೂಕದಲೆಕ್ಕ

ಒದ್ದೆರಸ್ತೆ ಅವರೇ, ಬೆರಳು ವಾಸಿಯಾಗಿದೆ ಅಂದುಕೊಳ್ತೀನಿ. ಇಷ್ಟು ಬಿಚ್ಚಿ ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ "ಡಾಲಿ ನಿಂತಿತು, ಬೈಕು ನಿಲ್ಲಲಿಲ್ಲ" ಅನ್ನೋದನ್ನ ಕೂತು ಲೆಕ್ಕ ಹಾಕಿದೆ. ಬಂದ ಉತ್ತರ ನೋಡಿ ನನಗೇ ದಿಗಿಲಾಯ್ತು.

ಬೈಕಿನ ಗುರುತ್ವಕೇಂದ್ರ ಟೈರಿನ ತಳದಿಂದ ಅರ್ಧ ಮೀಟರ್ ದೂರ, ಎಡಕ್ಕೆ 10 ಡಿಗ್ರಿ ವಾಲಿ ನಿಂತಿದೆ ಅಂತ ಇಟ್ಟುಕೊಳ್ಳಿ. ಅದು ಬಲಕ್ಕೆ ಮಗುಚಬೇಕಾದರೆ ಕೇಂದ್ರ ಎಷ್ಟು ಮೇಲೇರಬೇಕು ಗೊತ್ತಾ? 8 ಮಿ.ಮೀ.ಗೂ ಕಡಿಮೆ. ಅಷ್ಟಕ್ಕೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 40 ಸೆಂ.ಮೀ. ನಾವು ನಿಧಾನಕ್ಕೆ ನಡೆಯೋದರ ಅರ್ಧ ವೇಗ. ಆ ವೇಗದಲ್ಲಿ ಬಲಕ್ಕೆ ಸರಿಯುತ್ತಿರೋ ಡಾಲಿ ತಟ್ಟನೆ ನಿಂತರೆ ಬೈಕು ತಾನಾಗಿ ನೆಟ್ಟಗಾಗಿ ಆಚೆ ಬೀಳುತ್ತೆ. ಬೈಕಿನ ತೂಕ ಎಷ್ಟಿದ್ದರೂ ಈ ಲೆಕ್ಕ ಬದಲಾಗಲ್ಲ.

ಅದೇ ಡಾಲಿ ಎಡಕ್ಕೆ, ಅಂದರೆ ಸ್ಟ್ಯಾಂಡ್ ಇರೋ ಕಡೆಗೆ ಹೋಗ್ತಾ ನಿಂತರೆ ಬೈಕು ಸ್ಟ್ಯಾಂಡಿನ ಮೇಲೆ ಇನ್ನಷ್ಟು ಒತ್ತುತ್ತೆ, ಅಷ್ಟೇ. ಹಾಗಾಗಿ ಅಡ್ಡ ಸರಿಸೋದಿದ್ದರೆ ಯಾವಾಗಲೂ ಸ್ಟ್ಯಾಂಡಿನ ಕಡೆಗೆ ಸರಿಯೋ ಹಾಗೆ ಜಾಗ ಯೋಚಿಸಿಕೊಳ್ಳಿ. ಬಲಕ್ಕೆ ಹೋಗಲೇಬೇಕಾದರೆ ಬೈಕನ್ನು ಎರಡೂ ಬದಿಗೆ ಬೆಲ್ಟ್ ಹಾಕಿ ಡಾಲಿಗೆ ಕಟ್ಟಿ. ಆಗ ಬೈಕೂ ಡಾಲಿಯೂ ಒಂದೇ ಸಾಮಾನು. ಬರೀ ಟೈರಿನ ಗೆರೆಯ ಮೇಲೆ ಮಗುಚಲ್ಲ, ಮಗುಚಿದರೆ ಡಾಲಿಯ ಗಾಲಿಗಳ ಅಗಲ ದಾಟಿಯೇ ಮಗುಚಬೇಕು.

ತಳ್ಳುವಾಗ ಕೈ ಎಲ್ಲಿರಬೇಕು ಅನ್ನೋದಕ್ಕೂ ಇದೇ ಉತ್ತರ. ಹ್ಯಾಂಡಲ್ ಬೇಡ. ಫ್ರೇಮಿನ ಕೆಳಭಾಗ, ಕ್ರ್ಯಾಶ್ ಗಾರ್ಡಿನ ಬುಡ, ಸಾಧ್ಯವಾದರೆ ಡಾಲಿಯನ್ನೇ ಒಂದು ಉದ್ದ ಹಿಡಿಕೆ ಹಾಕಿ ಎಳೀರಿ, ಆದರೆ ಜರ್ಕ್ ಕೊಡಬೇಡಿ. ಎಡಕ್ಕೆ ಜೋರಾಗಿ ಜಗ್ಗಿದರೂ ಬೈಕು ಹಿಂದೆ ಉಳಿದು ಬಲಕ್ಕೇ ಮಗುಚುತ್ತೆ.

ಮೂರನೇಗೇರ್

ಈ ಲೆಕ್ಕ ಓದಿದ ಮೇಲೆ ನನ್ನ ತಟ್ಟೆ ವಿಷಯದಲ್ಲಿ ಸ್ಪ್ಯಾನರ್ ಅಣ್ಣ ಹೇಳಿದ್ದು ಸರಿ ಅನ್ನಿಸ್ತಿದೆ. ಸ್ಟ್ಯಾಂಡಿನ ಬೋಲ್ಟ್ ಹತ್ತಿರ ಬಟ್ಟೆಯಿಂದ ಒರೆಸಿ ಟಾರ್ಚ್ ಬಿಟ್ಟು ನೋಡಿದೆ. ಬಿರುಕಿಲ್ಲ. ಆದರೆ ಸ್ಟ್ಯಾಂಡು ಅಕ್ಕಪಕ್ಕ ಅಲ್ಲಾಡೋದು ಮೊದಲಿಗಿಂತ ಜಾಸ್ತಿಯಾಗಿದೆ. ಇನ್ನು ಮೇಲೆ ಚಕ್ರ ಎತ್ತಿ ಸುತ್ತಿಸಲ್ಲ.

ಗುಂಡುಗಾಲಿ

ಗಾಲಿ ಬಗ್ಗೆ ಯಾರೂ ಹೇಳಲಿಲ್ಲ. ನಾನು ಫ್ಯಾಬ್ರಿಕೇಶನ್ ಕೆಲಸದವನು, ಮೆಷಿನ್ ಸಾಗಿಸೋ ಟ್ರಾಲಿ ಮಾಡ್ತೀನಿ. ನಾಲ್ಕು ಗಾಲಿ ಇದೆ ಅಂತ ತೂಕವನ್ನು ನಾಲ್ಕರಿಂದ ಭಾಗಿಸಬೇಡಿ. ಯಾವ ನೆಲವೂ ಪೂರ್ತಿ ಸಮ ಇರಲ್ಲ, ಯಾವಾಗಲೂ ಒಂದು ಗಾಲಿ ಎತ್ತಿಕೊಂಡೇ ಇರುತ್ತೆ. ಮೂರರಿಂದ ಭಾಗಿಸಿ. ಬೈಕು 241, ಡಾಲಿ ಒಂದು 30, ಸೇರಿ 271. ಒಂದು ಗಾಲಿಗೆ 90 ಕೆಜಿ ಬಂತು. ಸಂದು ದಾಟುವಾಗ ಬೀಳೋ ಏಟಿಗೂ ಸೇರಿಸಿ 150 ಕೆಜಿ ತಾಳೋ ಗಾಲಿ ಹಾಕಿ. ಆರು ಗಾಲಿ ಹಾಕಿದರೆ ಇನ್ನೂ ಒಳ್ಳೆಯದು ಅಂತ ಕೆಲವರು ಹಾಕಿಸ್ತಾರೆ. ನೆಲದ ಉಬ್ಬಿನ ಮೇಲೆ ನಡುವಿನ ಎರಡು ಗಾಲಿ ಬಂದಾಗ ಡಾಲಿ ತಕ್ಕಡಿ ಆಗುತ್ತೆ.

ಸೈಜು ದೊಡ್ಡದಿದ್ದಷ್ಟೂ ಸಣ್ಣ ಅಡಚಣೆ ದಾಟುತ್ತೆ. 50 ಮಿ.ಮೀ. ಗಾಲಿಗೆ ವಾಷರ್ ಅಂದರೆ ಗೋಡೆ. 75 ಹಾಕಿ, ಜಾಗ ಇದ್ದರೆ 100. ನೈಲಾನ್ ಹಗುರವಾಗಿ ಉರುಳುತ್ತೆ, ಆದರೆ ಗಟ್ಟಿ, ಟೈಲ್ಸ್ ಒಡೆಯುತ್ತೆ. ಮೆತ್ತನೆ ರಬ್ಬರು ಭಾರದಡಿ ನಿಂತು ನಿಂತು ಒಂದು ಕಡೆ ಚಪ್ಪಟೆ ಆಗುತ್ತೆ. ಪಾಲಿಯುರಿಥೇನ್ ಇವೆರಡರ ನಡುವೆ, ನಿಮ್ಮ ಕೆಲಸಕ್ಕೆ ಅದೇ ಸರಿ.

ಬ್ರೇಕಿನಲ್ಲೂ ಎರಡು ಬಗೆ. ಒಂದು ಬಗೆಯದ್ದು ಗಾಲಿ ಉರುಳದ ಹಾಗೆ ಮಾತ್ರ ಹಿಡಿಯುತ್ತೆ, ಗಾಲಿಯ ತಲೆ ಗಿರಗಿರ ತಿರುಗ್ತಾನೇ ಇರುತ್ತೆ. ಡಾಲಿ ನಿಂತಿದೆ ಅಂದುಕೊಂಡು ಬೈಕ್ ಹತ್ತಿಸೋಕೆ ಹೋದರೆ ಬೆರಳುದ್ದ ಜಾರುತ್ತೆ. ಇನ್ನೊಂದು ಎರಡನ್ನೂ ಒಟ್ಟಿಗೆ ಹಿಡಿಯುತ್ತೆ. ಅದನ್ನೇ ಕೇಳಿ ತಗೊಳ್ಳಿ, ನಾಲ್ಕಕ್ಕೂ.

ಚಿನ್ನದರೆಕ್ಕೆ

ನನ್ನದು ಹೋಂಡಾ ಗೋಲ್ಡ್ ವಿಂಗ್, 380 ಕೆಜಿ ಹತ್ತಿರ. ಈ ಬೈಕಿಗೆ 1988ರಲ್ಲಿ ಬಂದ ಜಿಎಲ್ 1500 ಮಾಡೆಲ್‌ನಲ್ಲೇ ರಿವರ್ಸ್ ಕೊಟ್ಟಿದ್ದರು, ಸ್ಟಾರ್ಟರ್ ಮೋಟಾರಿನಿಂದಲೇ ಹಿಂದಕ್ಕೆ ಹೋಗ್ತಿತ್ತು. ಅಷ್ಟು ಭಾರದ ಬೈಕನ್ನು ಮನುಷ್ಯ ಕಾಲಲ್ಲಿ ಹಿಂದೆ ತಳ್ಳೋದು ಆಗದ ಮಾತು ಅಂತ ಮಾಡಿದವರಿಗೇ ಗೊತ್ತಿತ್ತು. ಆದರೂ ರಿವರ್ಸ್ ಬೈಕನ್ನು ಹಿಂದೆ ತರುತ್ತೆ ಹೊರತು ಅಡ್ಡ ಸರಿಸಲ್ಲ. ಗೋಡೆಗೆ ಒತ್ತಿ ನಿಲ್ಲಿಸೋಕೆ ನಾನೂ ಡಾಲಿಯನ್ನೇ ನಂಬಿದ್ದೀನಿ. ನೆಲ ಮಟ್ಟವಾಗಿದ್ದರೆ ಮಾತ್ರ.

ನೀಲಿಟ್ಯಾಂಕ್

ಎಲ್ಲರಿಗೂ ತುಂಬಾ ಧನ್ಯವಾದ. ಒದ್ದೆರಸ್ತೆ ಅವರ ಅನುಭವ ಓದಿ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಸ್ಪ್ಯಾನರ್ ಅಣ್ಣ, ನೀವು ಕೇಳಿದ ನೆಲದ ವಿವರ: ನುಣುಪು ಸಿಮೆಂಟ್ ನೆಲ, ಮಧ್ಯದಲ್ಲಿ 12 ಮಿ.ಮೀ. ಅಗಲದ ಒಂದು ಸಂದು. ಪೈಪಿನಲ್ಲಿ ನೀರು ತುಂಬಿ ಲೆವೆಲ್ ನೋಡಿದೆ. 2.4 ಮೀಟರ್ ಅಗಲದಲ್ಲಿ ಬಾಗಿಲ ಕಡೆಗೆ 3 ಸೆಂ.ಮೀ. ಇಳಿದಿದೆ. ಕಣ್ಣಿಗೆ ಕಾಣಲ್ಲ. ಹಿಂದಿನ ಚಕ್ರ ಎತ್ತಿ ತಿರುಗಿಸಿದೆ, ಬ್ರೇಕ್ ನಿಜವಾಗಲೂ ಉಜ್ಜುತ್ತಿತ್ತು! ಕ್ಯಾಲಿಪರಿನ ಪಿನ್ ತೆಗೆದು ಸ್ವಚ್ಛ ಮಾಡಿದ ಮೇಲೆ ಬೈಕು ಹಗುರಾಗಿದೆ. ಆದರೂ ಹೊಸ್ತಿಲು ಹಿಂದಕ್ಕೆ ಹತ್ತಿಸೋದು ನನ್ನ ಸೊಂಟಕ್ಕೆ ಆಗಲ್ಲ.

ತೂಕದಲೆಕ್ಕ ಅವರೇ, ಈ 3 ಸೆಂ.ಮೀ. ಇಳಿಜಾರಿಗೆ ಡಾಲಿ ತಾನಾಗಿ ಓಡುತ್ತಾ? ಇನ್ನೊಂದು, ಡಾಲಿಯೇ ಬೇಡ, ಎರಡು ತಗಡಿನ ಮಧ್ಯೆ ಗ್ರೀಸ್ ಹಚ್ಚಿ ಹಿಂದಿನ ಚಕ್ರದ ಕೆಳಗಿಟ್ಟರೆ ಸಾಕು ಅಂತ ಒಬ್ಬರು ಹೇಳಿದರು. ಅದು ಹೇಗೆ?

ತೂಕದಲೆಕ್ಕ

2.4 ಮೀಟರಿಗೆ 3 ಸೆಂ.ಮೀ. ಅಂದರೆ 80ಕ್ಕೆ 1. 270 ಕೆಜಿಯನ್ನು ಅದು 3.4 ಕೆಜಿ ಬಲದಿಂದ ಕೆಳಗೆ ಎಳೆಯುತ್ತೆ. ಒಳ್ಳೆ ಗಾಲಿ ನುಣುಪು ನೆಲದಲ್ಲಿ ಉರುಳದೆ ತಡೆಯೋ ಬಲವೂ ಹೆಚ್ಚುಕಡಿಮೆ ಅಷ್ಟೇ, 4 ಕೆಜಿ ಆಸುಪಾಸು. ಅಂದರೆ ನಿಂತದ್ದು ನಿಲ್ಲಬಹುದು, ಒಮ್ಮೆ ಹೊರಟರೆ ನಿಲ್ಲಿಸೋಕೆ ನೀವೇ ಬೇಕು. ಕೆಳಗಿನ ಬದಿಯಲ್ಲಿ ಮರದ ತುಂಡು ಇಟ್ಟುಕೊಂಡೇ ಕೆಲಸ ಮಾಡಿ. 50ಕ್ಕೆ 1ಕ್ಕಿಂತ ಹೆಚ್ಚು ಇಳಿಜಾರಿದ್ದಿದ್ದರೆ ನಾನು ಡಾಲಿ ಬೇಡ ಅಂತಲೇ ಹೇಳ್ತಿದ್ದೆ.

ಗ್ರೀಸ್ ತಗಡಿನ ಉಪಾಯ ಒಳ್ಳೆಯದೇ. ಕಾರುಗಳ ವೀಲ್ ಅಲೈನ್‌ಮೆಂಟ್ ಮಾಡುವಾಗ ಚಕ್ರದ ಕೆಳಗೆ ತಿರುಗೋ ಪ್ಲೇಟ್ ಇಡ್ತಾರಲ್ಲ, ಅದೇ ತತ್ವ. ಜಾರುತ್ತೆ, ಆದರೆ ಉರುಳಿ ಓಡಲ್ಲ. ಒಂದು ಚಕ್ರವನ್ನು ಅರ್ಧ ಅಡಿ ಆಚೀಚೆ ಸರಿಸೋಕೆ ಸಾಕು. ಪೂರ್ತಿ ಸುತ್ತು ತಿರುಗಿಸೋಕೆ ಆಗಲ್ಲ. ಗ್ರೀಸ್ ಟೈರಿಗೆ ತಾಗಿದರೆ ಮಾತ್ರ ರಸ್ತೆಗಿಳಿಯೋ ಮೊದಲು ಚೆನ್ನಾಗಿ ತೊಳೀಬೇಕು.

ನೀಲಿಟ್ಯಾಂಕ್ (ಮೂರು ವಾರದ ನಂತರ)

ಮಾಡಿಸಿದೆ, ಹತ್ತು ದಿನದಿಂದ ಬಳಸ್ತಿದ್ದೀನಿ. ವಿವರವಾಗಿ ಬರೀತೀನಿ, ನನ್ನಂಥವರಿಗೆ ಉಪಯೋಗ ಆಗಲಿ.

ಮೊದಲು ನೆಲದ ಸಂದನ್ನು ಸಿಮೆಂಟ್ ತುಂಬಿ ಮುಚ್ಚಿದೆ. 5 ಮಿ.ಮೀ. ಕಬ್ಬಿಣದ ಪ್ಲೇಟನ್ನು ಎರಡೂ ಅಂಚು 4 ಸೆಂ.ಮೀ. ಮೇಲಕ್ಕೆ ಬಗ್ಗಿಸಿ ತೊಟ್ಟಿ ಮಾಡಿಸಿದೆ. ಒಳಗಿನ ಅಗಲ 18 ಸೆಂ.ಮೀ., ಉದ್ದ 1.9 ಮೀಟರ್. ಬೈಕಿಗಿಂತ ಗಿಡ್ಡ, ಹಾಗಾಗಿ ತಿರುಗೋ ಜಾಗ ಹೆಚ್ಚಾಗಲ್ಲ. ತೊಟ್ಟಿಯ ತಳ ನೆಲದಿಂದ 2 ಸೆಂ.ಮೀ. ಮೇಲೆ ತೂಗಾಡುತ್ತೆ, ಗಾಲಿಗಳು ಪಕ್ಕಕ್ಕೆ ಚಾಚಿದ ನಾಲ್ಕು ತೋಳಿನ ತುದಿಯಲ್ಲಿ. 75 ಮಿ.ಮೀ. ಪಾಲಿಯುರಿಥೇನ್, ಎರಡೂ ಹಿಡಿಯೋ ಬ್ರೇಕಿನದ್ದು. ಎಡಗಡೆ ಸ್ಟ್ಯಾಂಡಿನ ಪಾದಕ್ಕೆ ಅದೇ ಮಟ್ಟದಲ್ಲಿ ಒಂದು ಪ್ಲೇಟು. ಡಾಲಿಯ ತೂಕವೇ 31 ಕೆಜಿ ಬಂತು.

ಒಂದು ತಪ್ಪು ಮೊದಲೇ ಸಿಕ್ಕಿತು. ಬಲಗಡೆಯ ಹಿಂದಿನ ತೋಳು ಸರಿಯಾಗಿ ಸೈಲೆನ್ಸರಿನ ಕೆಳಗೆ ಬರ್ತಿತ್ತು. ಬೈಕು ಹತ್ತಿದಾಗ ಸಸ್ಪೆನ್ಶನ್ ಅದುಮಿಕೊಂಡು ಸೈಲೆನ್ಸರ್ ತೋಳಿಗೆ ತಾಗುತ್ತಿತ್ತು. ವೆಲ್ಡಿಂಗ್ ಪೂರ್ತಿ ಮಾಡಿರಲಿಲ್ಲ, ಟಾಕು ಹಾಕಿದ್ದರು ಅಷ್ಟೇ. ಬಿಡಿಸಿ 15 ಸೆಂ.ಮೀ. ಮುಂದಕ್ಕೆ ಸರಿಸಿದೆವು. ಮಾಡಿಸೋರು ಬೈಕನ್ನು ಮೇಲೆ ನಿಲ್ಲಿಸಿ ನೋಡದೆ ಪೂರ್ತಿ ವೆಲ್ಡ್ ಮಾಡಿಸಬೇಡಿ.

ಬೈಕಿಗಿಂತ ಮೊದಲು ಡಾಲಿ ಮೇಲೆ ಐವತ್ತು ಕೆಜಿಯ ಐದು ಮರಳು ಮೂಟೆ ಹೇರಿ ಒಂದು ದಿನ ಬಿಟ್ಟೆ. ಬಗ್ಗಲಿಲ್ಲ. ಆಮೇಲೆ ಬೈಕು ಹತ್ತಿಸಿದೆ. ಡಾಲಿಯ ತಲೆ ಗೋಡೆಗೆ ಒತ್ತಿ, ನಾಲ್ಕೂ ಬ್ರೇಕ್ ಹಾಕಿ, ಒಂದಡಿ ಉದ್ದದ ಇಳಿಜಾರು ಹಲಗೆಯಿಂದ ಎಂಜಿನ್ ಆಫ್ ಮಾಡಿಯೇ ತಳ್ಳಿದೆ. ಒಂದು ಸಲಕ್ಕೆ ಒಂದೇ ಚಕ್ರ ಹತ್ತೋದರಿಂದ ಸೊಂಟಕ್ಕೆ ಗೊತ್ತೇ ಆಗಲಿಲ್ಲ. ಸ್ಟ್ಯಾಂಡ್ ಹಾಕಿ, ಮೊದಲ ಗೇರಿನಲ್ಲಿ ಬಿಟ್ಟು, ಮುಂದಿನ ಬ್ರೇಕ್ ಲಿವರಿಗೆ ರಬ್ಬರ್ ಪಟ್ಟಿ ಬಿಗಿದು, ಎರಡು ಬದಿ ಬೆಲ್ಟ್.

ಈಗ ತಿರುಗಿಸೋದು. ಇದರಲ್ಲೇ ಒಂದು ಸಂಗತಿ ಕಲಿತೆ. ನನಗೆ ಎರಡೂ ತುದಿಯಲ್ಲಿ ಉಳಿಯೋದು 7 ಸೆಂ.ಮೀ. ಮಾತ್ರ. ಡಾಲಿ ಹೊರಟ ಕ್ಷಣ ನಾಲ್ಕೂ ಗಾಲಿ ತಮ್ಮ ತಲೆ ತಿರುಗಿಸಿಕೊಳ್ಳುತ್ತವಲ್ಲ, ಆಗ ಇಡೀ ಡಾಲಿ ಪಕ್ಕಕ್ಕೆ ಜಿಗೀತಿತ್ತು. ಮೊದಲ ಸಲ ಹಿಂದಿನ ಮಡ್‌ಗಾರ್ಡ್ ರ್‍ಯಾಕಿಗೆ ಸವರಿಕೊಂಡು ಹೋಯ್ತು. ಈಗ ಹೊರಡೋ ಮೊದಲು ಒಂದೊಂದೇ ಗಾಲಿಯನ್ನು ಕಾಲಿನಿಂದ ತಟ್ಟಿ, ಸುತ್ತೋ ದಿಕ್ಕಿಗೆ ಮುಖ ಮಾಡಿಸ್ತೀನಿ. ಬೈಕಿನ ಉದ್ದದ ನಡುಮಧ್ಯಕ್ಕೆ ದಾರ ಕಟ್ಟಿ ನಟ್ಟು ತೂಗುಬಿಟ್ಟಿದ್ದೀನಿ, ನೆಲದಲ್ಲಿ ಸುಣ್ಣದ ಚುಕ್ಕೆ. ನಟ್ಟು ಚುಕ್ಕೆಯ ಮೇಲೇ ಇರೋ ಹಾಗೆ ಸುತ್ತಿಸಿದರೆ ಯಾವುದಕ್ಕೂ ತಾಗಲ್ಲ. ಮೊದಲ ದಿನ ಹತ್ತು ನಿಮಿಷ ಹಿಡೀತು, ಈಗ ಮೂರು.

ಹಳೇಸ್ಪ್ಯಾನರ್

ಚೆನ್ನಾಗಿ ಮಾಡಿದ್ದೀಯ ತಮ್ಮ. ಆ ನಟ್ಟು ತೂಗುಬಿಟ್ಟದ್ದು ನನಗೆ ಬಹಳ ಹಿಡಿಸ್ತು. ಇಳಿಸುವಾಗ ಮಾತ್ರ ಅವಸರ ಬೇಡ. ಮೊದಲು ನಾಲ್ಕೂ ಬ್ರೇಕ್, ಆಮೇಲೆ ಬೆಲ್ಟ್ ಬಿಚ್ಚು. ಎಷ್ಟೋ ಜನ ಉಲ್ಟಾ ಮಾಡ್ತಾರೆ.

ಬೆಟ್ಟದಹಾದಿ

ಗಾಲಿ ತಟ್ಟಿ ಮುಖ ತಿರುಗಿಸೋದು ನನಗೆ ಹೊಳೆದೇ ಇರಲಿಲ್ಲ! ಇವತ್ತು ಮಾಡಿ ನೋಡಿದೆ, ಆ ಜಿಗಿತ ಹೋಯ್ತು. ಒಂದು ಪ್ರಶ್ನೆ, ರಾತ್ರಿಯೆಲ್ಲಾ ಬೈಕನ್ನು ಡಾಲಿ ಮೇಲೇ ಬಿಡ್ತೀರಾ?

ನೀಲಿಟ್ಯಾಂಕ್

ಬಿಡ್ತೀನಿ ಮೇಡಂ, ಆದರೆ ಗಾಲಿಗಳ ಮೇಲಲ್ಲ. ತಿರುಗಿಸಿ ಆದ ಮೇಲೆ ತೊಟ್ಟಿಯ ತಳಕ್ಕೂ ನೆಲಕ್ಕೂ ಮಧ್ಯೆ ಇರೋ 2 ಸೆಂ.ಮೀ. ಸಂದಿಗೆ ಎರಡೂ ತುದಿಯಲ್ಲಿ ಮರದ ಬೆಣೆ ಹೊಡೀತೀನಿ. ಭಾರ ಬೆಣೆಯ ಮೇಲೆ ಕೂರುತ್ತೆ, ಗಾಲಿ ಕೈಯಲ್ಲಿ ತಿರುಗಿಸಿದರೆ ಸಡಿಲವಾಗಿ ತಿರುಗುತ್ತೆ. ಬೆಳಿಗ್ಗೆ ಬೆಣೆ ತೆಗೆದು, ಬ್ರೇಕ್ ನೋಡಿ, ಬೆಲ್ಟ್ ಬಿಚ್ಚಿ, ಮುಂದಾಗಿ ಇಳಿಸಿ ಸೀದಾ ಹೊಸ್ತಿಲು ಹತ್ತಿಸ್ತೀನಿ.